ತಾಳೆ ಬೀಳುವ ಪುಸ್ತಕ: ಬೇಸ್‌ಬಾಲ್ ಸ್ಕೋರ್‌ಬುಕ್ ಕೊಳ್ಳುವವರಿಗೆ

ಬೇಸಿಗೆ ಶುರುವಾಗೋ ಮುಂಚೆ ಮಗಳಿಗೆ ಅಂತ ಎರಡು ಬೇಸ್‌ಬಾಲ್ ಸ್ಕೋರ್‌ಬುಕ್ ಕೊಂಡೆ. ಅವಳಿಗೆ ಒಂಬತ್ತು ವರ್ಷ. ಒಂದು ಪುಸ್ತಕ ಎರಡೇ ಪಂದ್ಯಕ್ಕೆ ಮೂಲೆ ಸೇರಿತು. ಇನ್ನೊಂದು ಅವಳ ಬ್ಯಾಗ್ ಬಿಟ್ಟು ಕದಲುವುದಿಲ್ಲ. ಇಲ್ಲಿ ಅಮೆರಿಕದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮವರು ಯಾರಾದರೂ ಇಂಥದ್ದನ್ನು ಹುಡುಕುತ್ತಿದ್ದರೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಪುಸ್ತಕಕ್ಕಿಂತ ಮೊದಲು ಅಪ್ಪನ ವಿಷಯ ಹೇಳಬೇಕು. ಅಪ್ಪ ಮೈಸೂರಿನವರು. ಮಹಾರಾಜ ಕಾಲೇಜು ಮೈದಾನದಲ್ಲಿ ಮರದ ಕೆಳಗೆ ಕೂತು ಕ್ರಿಕೆಟ್ ಸ್ಕೋರ್ ಬರೆಯುತ್ತಿದ್ದರಂತೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದ ಮೇಲೆ ಕ್ರಿಕೆಟ್ ಕೈಗೆ ಸಿಗಲಿಲ್ಲ. ಬೇಸ್‌ಬಾಲ್ ಸಿಕ್ಕಿತು. ಆಟ ಅರ್ಥವಾಗುವ ಮುಂಚೆಯೇ ಅವರು ಸ್ಕೋರ್ ಬರೆಯೋದು ಕಲಿತರು. ಅದನ್ನು ಬರೆಯುತ್ತಾ ಬರೆಯುತ್ತಾ ಆಟ ಕಲಿತರು.

ಅವರಿಗೆ ಅದು ಹೊಸದು ಅನಿಸಲೇ ಇಲ್ಲವಂತೆ. ಅದಕ್ಕೆ ಕಾರಣವೂ ಇದೆ. ಈ ಬರೆಯುವ ಪದ್ಧತಿಗೆ ರೂಪ ಕೊಟ್ಟ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿದವರು, ಅಮೆರಿಕದ ಪತ್ರಿಕೆಗಳಿಗೆ ಮೊದಲು ಕ್ರಿಕೆಟ್ ವರದಿ ಬರೆಯುತ್ತಿದ್ದವರು. ಬ್ಯಾಟರ್ ಮೂರು ಸ್ಟ್ರೈಕಿಗೆ (ಹೊಡೆಯಬೇಕಾದ ಬಾಲ್ ಬಿಟ್ಟರೆ ಅಥವಾ ತಪ್ಪಿದರೆ ಒಂದು ಸ್ಟ್ರೈಕ್) ಔಟಾದರೆ ಇಂಗ್ಲಿಷಿನ 'ಕೆ' ಬರೆಯುವುದನ್ನು ತಂದವರೂ ಅವರೇ. 'ಸ್ಟ್ರಕ್' ಅನ್ನೋ ಪದದ ಕೊನೆಯ ಅಕ್ಷರ ಅದು. ಬ್ಯಾಟ್ ಬೀಸದೆ ಸುಮ್ನೆ ನಿಂತು ಔಟಾದರೆ ಕೆ ಅಕ್ಷರವನ್ನು ತಿರುಗಿಸಿ ಬರೆಯಬೇಕು. ಎಂಟು ವರ್ಷದ ನನಗೆ ಆ ತಿರುಗಿದ ಕೆ ಬರೆಯುವುದೇ ದೊಡ್ಡ ಖುಷಿ.

ಫೀಲ್ಡರ್‌ಗಳಿಗೆಲ್ಲ ಒಂದೊಂದು ನಂಬರ್. ಬಾಲ್ ಎಸೆಯುವ ಪಿಚರ್ 1, ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ 2. ರನ್ನಿಗಾಗಿ ಸುತ್ತಿ ಬರಬೇಕಾದ ಬೇಸ್‌ಗಳನ್ನು ಕಾಯುವವರಲ್ಲಿ ಫಸ್ಟ್ ಬೇಸ್ 3, ಸೆಕೆಂಡ್ 4, ಥರ್ಡ್ 5, ಸೆಕೆಂಡ್-ಥರ್ಡ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6. ಔಟ್‌ಫೀಲ್ಡಿನಲ್ಲಿ ಎಡದಿಂದ ಬಲಕ್ಕೆ 7, 8, 9. '6-4-3' ಅಂತ ಬರೆದರೆ ಶಾರ್ಟ್‌ಸ್ಟಾಪ್ ಬಾಲ್ ಹಿಡಿದು ಸೆಕೆಂಡಿಗೆ ಎಸೆದ, ಅಲ್ಲಿಂದ ಫಸ್ಟಿಗೆ ಹೋಯಿತು, ಇಬ್ಬರು ಔಟ್. ಮೂರು ಅಂಕಿಯಲ್ಲಿ ಇಡೀ ಕಥೆ.

ಭಾನುವಾರ ಫ್ರೀಮಾಂಟಿನಿಂದ ಬಾರ್ಟ್ ರೈಲು ಹತ್ತಿ ಓಕ್ಲಂಡ್ ಕೊಲಿಸಿಯಂಗೆ ಹೋಗುತ್ತಿದ್ದೆವು. ಸ್ಟೇಷನ್ನಿನಿಂದ ಸ್ಟೇಡಿಯಂಗೆ ಕಾಲುಸೇತುವೆ ಇತ್ತು. ಅಮ್ಮ ಸ್ಟೀಲ್ ಡಬ್ಬಿಯಲ್ಲಿ ಪುಳಿಯೋಗರೆ ಕಟ್ಟಿಕೊಡುತ್ತಿದ್ದರು. ಹಾಗಾಗಿ ಅಪ್ಪನ ಹಳೆಯ ಸ್ಕೋರ್‌ಬುಕ್ಕಿನ ಕೆಲವು ಪುಟಗಳಲ್ಲಿ ಇವತ್ತಿಗೂ ಎಣ್ಣೆಯ ಕಲೆ ಇದೆ.

1989ರ ಅಕ್ಟೋಬರ್ 17ರ ಪುಟ ಅದರಲ್ಲಿದೆ. ನಮ್ಮ ಓಕ್ಲಂಡ್ ಎ'ಸ್‌ಗೂ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ಗೂ ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸ್‌ನ ಮೂರನೇ ಪಂದ್ಯ. ಅಪ್ಪ ಪೇಪರ್ ನೋಡಿ ಪಿಚರ್ ಹೆಸರು ಬರೆದಿಟ್ಟಿದ್ದರು: ಬಾಬ್ ವೆಲ್ಚ್. ಸಂಜೆ 5 ಗಂಟೆ 4 ನಿಮಿಷಕ್ಕೆ ಭೂಮಿ ನಡುಗಿತು. ನಾವು ಊಟದ ಮೇಜಿನ ಕೆಳಗಿದ್ದೆವು. ಪುಸ್ತಕ ಮೇಲಿತ್ತು. ಹತ್ತು ದಿನ ಆ ಪುಟ ಹಾಗೇ ಇತ್ತು. ಅಕ್ಟೋಬರ್ 27ಕ್ಕೆ ಪಂದ್ಯ ಮತ್ತೆ ಇಟ್ಟಾಗ ವೆಲ್ಚ್ ಬದಲು ಡೇವ್ ಸ್ಟೀವರ್ಟ್ ಪಿಚರ್. ಅಪ್ಪ ವೆಲ್ಚ್ ಹೆಸರನ್ನು ರಬ್ಬರಿನಿಂದ ಅಳಿಸಿ ಅದರ ಮೇಲೇ ಸ್ಟೀವರ್ಟ್ ಅಂತ ಬರೆದರು. ಎ'ಸ್ 13-7ರಿಂದ ಗೆದ್ದಿತು. ಅಳಿಸಿದ ಹೆಸರು ಬೆಳಕಿಗೆ ಹಿಡಿದರೆ ಈಗಲೂ ಕಾಣುತ್ತದೆ. ಕಾಗದ ಮಾತ್ರ ಹರಿದಿಲ್ಲ.

ಅದಕ್ಕೇ ಸ್ಕೋರ್‌ಬುಕ್ಕಿನಲ್ಲಿ ನಾನು ಮೊದಲು ನೋಡುವುದು ಕಾಗದ. ಮೂಲೆ ಸೇರಿದ ಪುಸ್ತಕದ ಹಾಳೆ ಎಷ್ಟು ತೆಳುವೆಂದರೆ ಎರಡನೇ ಸಲ ಅಳಿಸಿದರೆ ತೂತು. ಮಕ್ಕಳು ಒಂದು ಪಂದ್ಯಕ್ಕೆ ಇಪ್ಪತ್ತು ಸಲ ಅಳಿಸುತ್ತಾರೆ. ಅದಕ್ಕಿಂತ ದೊಡ್ಡ ತೊಂದರೆ, ಬ್ಯಾಟರ್‌ನ ಒಂದೊಂದು ಸರದಿಗೆ ಅಂತ ಇರುವ ಪ್ರತಿ ಮನೆಯೊಳಗೂ ಅವನು ಏನು ಮಾಡಿದ ಅನ್ನೋದಕ್ಕೆ ಮೊದಲೇ ಅಚ್ಚು ಹಾಕಿದ ಅಕ್ಷರಗಳು: ಸಿಂಗಲ್, ಡಬಲ್, ಟ್ರಿಪಲ್, ಹೋಮ್ ರನ್, ವಾಕ್. ಮಗು ಸುಮ್ನೆ ಸುತ್ತು ಹಾಕಿದರೆ ಸಾಕು. ಸುಲಭ ಅನಿಸುತ್ತದೆ, ಅಲ್ವಾ? ಆದರೆ '6-4-3' ಬರೆಯಲು ಜಾಗವೇ ಇಲ್ಲ. ಮಗಳು ಆಟ ನೋಡುವುದು ಬಿಟ್ಟು ಸುತ್ತು ಹಾಕುವ ಅಕ್ಷರ ಹುಡುಕುತ್ತಾ ಕೂತಿದ್ದಳು.

ಇನ್ನೊಂದು ಪುಸ್ತಕದ ಮನೆಗಳಲ್ಲಿ ಬೇಸ್‌ಗಳನ್ನು ತೋರಿಸುವ ಮಸುಕಾದ ಒಂದು ಡೈಮಂಡ್ ಗೆರೆ ಬಿಟ್ಟರೆ ಏನೂ ಇಲ್ಲ. ಚೌಕಾಬಾರದ ಮಣೆಯ ಹಾಗೆ ಖಾಲಿ ಮನೆಗಳು. ಹಾಳೆ ದಪ್ಪ. ಸ್ಪೈರಲ್ ಬೈಂಡಿಂಗ್ ಇರುವುದರಿಂದ ಮಡಚಿ ತೊಡೆಯ ಮೇಲೆ ಇಟ್ಟುಕೊಳ್ಳಬಹುದು. ಇದಕ್ಕೆ ನಾಲ್ಕೈದು ಡಾಲರ್ ಜಾಸ್ತಿ ಆಯಿತು. ಕೊಡಬಹುದು.

ಒಂದೇ ಕೊರತೆ: ಕೆಳಗಡೆ ತಾಳೆ ನೋಡಲು ಜಾಗ ಬಿಟ್ಟಿಲ್ಲ. ಅಪ್ಪನ ಪುಸ್ತಕದಲ್ಲಿ ಇತ್ತು. ಅಪ್ಪನಿಗೆ ಪಂದ್ಯ ಮುಗಿಯುವುದೇ ತಾಳೆ ಬಿದ್ದ ಮೇಲೆ. ಬ್ಯಾಟಿಗೆ ಎಷ್ಟು ಸರದಿ ಬಂತು ಅಂತ ಎಣಿಸಬೇಕು. ರನ್, ಔಟ್, ಬೇಸ್ ಮೇಲೇ ಉಳಿದವರು, ಈ ಮೂರನ್ನು ಕೂಡಬೇಕು. ಎರಡೂ ಲೆಕ್ಕ ಒಂದೇ ಆಗಬೇಕು. ಬ್ಯಾಟಿಗೆ ಬಂದವನು ಈ ಮೂರರಲ್ಲಿ ಒಂದು ಆಗಲೇಬೇಕು ತಾನೇ. ಮಗಳಿಗಾಗಿ ನಾನೇ ಸ್ಕೇಲ್ ಇಟ್ಟು ಆ ಗೆರೆ ಎಳೆದುಕೊಟ್ಟೆ.

ನಾನು ಒಬ್ಬಳೇ ಬರೆದ ಮೊದಲ ಪುಟ 1991ರ ಮೇ 1ರದ್ದು. ಬುಧವಾರ. ಜ್ವರ ಅಂತ ಸ್ಕೂಲಿಗೆ ಹೋಗಿರಲಿಲ್ಲ. ಹಾಸಿಗೆಯಲ್ಲೇ ರೇಡಿಯೋ ಇಟ್ಟುಕೊಂಡಿದ್ದೆ. ನಾಲ್ಕನೇ ಇನಿಂಗ್ಸಿನಲ್ಲಿ ಎ'ಸ್‌ನ ರಿಕಿ ಹೆಂಡರ್ಸನ್ ಮೂರನೇ ಬೇಸ್ ಕದ್ದರು, ಅಂದರೆ ಯಾರೂ ಬಾಲ್ ಹೊಡೆಯದೆಯೇ ಮುಂದಿನ ಬೇಸಿಗೆ ಓಡಿ ಸೇರಿದರು. ಅದು ಅವರು ಒಟ್ಟಾರೆ ಕದ್ದ 939ನೇ ಬೇಸ್. ಲೂ ಬ್ರಾಕ್ ಅವರ 938ರ ದಾಖಲೆ ಮುರಿಯಿತು. ಪೆನ್ಸಿಲ್ ಒತ್ತಿ ಬರೆದಿದ್ದೇನೆ, ಹಿಂದಿನ ಪುಟದಲ್ಲೂ ಉಬ್ಬು ಕೈಗೆ ಸಿಗುತ್ತದೆ. ಸಾಯಂಕಾಲ ಅಪ್ಪ ಬಂದು ಶೂ ಬಿಚ್ಚುವ ಮುಂಚೆ ಪುಟ ಕೇಳಿದರು. ತಾಳೆ ಬಿತ್ತು.

ಕೊಲಿಸಿಯಂನ ಕೊನೆಯ ಎ'ಸ್ ಪಂದ್ಯವನ್ನೂ ಅಪ್ಪನ ಪುಸ್ತಕದಲ್ಲೇ ಬರೆದೆ. 2024ರ ಸೆಪ್ಟೆಂಬರ್ 26. ಟೆಕ್ಸಸ್ ರೇಂಜರ್ಸ್ ಮೇಲೆ 3-2. ಅಂದು 46,889 ಜನ ಬಂದಿದ್ದರು. ಕೊನೆಯ ಔಟ್ 5-3. ಆ ಅಂಕಿ ಬರೆಯಲು ನನಗೆ ತುಂಬಾ ಹೊತ್ತು ಹಿಡಿಯಿತು. ತಂಡ ಊರು ಬಿಟ್ಟು ಹೋಯಿತು.

ಈಗ ನಾವು ವೆಸ್ಟ್ ಓಕ್ಲಂಡಿನ ರೈಮಂಡಿ ಪಾರ್ಕಿಗೆ ಹೋಗುತ್ತೇವೆ. 2024ರಲ್ಲಿ ಆಡಲು ಶುರು ಮಾಡಿದ ಓಕ್ಲಂಡ್ ಬಾಲರ್ಸ್ ತಂಡದ ಮೈದಾನ. ಚಿಕ್ಕದು. ಬಾಲ್ ಗ್ಲೌಸಿಗೆ ಬಿದ್ದ ಸದ್ದು ಸೀಟಿಗೇ ಕೇಳುತ್ತದೆ. ಸ್ಕೋರ್ ಬರೆಯಲು ಕಲಿಯುವ ಮಗುವಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಹೋದ ಸಲ ಅಲ್ಲಿ ಮಗಳ ಪುಟ ತಾಳೆ ಬೀಳಲಿಲ್ಲ. ಒಂದು ಕಡೆ 38, ಇನ್ನೊಂದು ಕಡೆ 37. ಅಳುಮುಖ ಮಾಡಿಕೊಂಡು ಪುಟದ ಫೋಟೋ ತೆಗೆದು ಮೈಸೂರಿಗೆ ಕಳಿಸಿದಳು. ಅಪ್ಪ ಈಗ ಅಲ್ಲೇ ಇದ್ದಾರೆ. ಇಲ್ಲಿ ರಾತ್ರಿ ಹತ್ತಾಗಿತ್ತು, ಅಲ್ಲಿ ಬೆಳಿಗ್ಗೆ ಹತ್ತೂವರೆ. ಐದು ನಿಮಿಷಕ್ಕೆ ಫೋನ್ ಬಂತು.

"ಏಳನೇ ಇನಿಂಗ್ಸ್ ನೋಡು ಪುಟ್ಟಿ. ಮೂರನೆಯವನಾದ ಮೇಲೆ ಐದನೆಯವನು ಹೇಗೆ ಬಂದ?"

ನಾಲ್ಕನೆಯವನ ಮನೆ ಖಾಲಿ ಇತ್ತು.

"ತಾತ, ಅವನ ಮೊಣಕೈಗೆ ಬಾಲ್ ಬಿತ್ತು. ನೋವಾಯ್ತೇನೋ ಅಂತ ಅವನನ್ನೇ ನೋಡ್ತಾ ಇದ್ದೆ."

"ನೋಡಬೇಕಾದ್ದೇ. ಈಗ ಬರಿ."

ಅವಳು ಪೆನ್ಸಿಲ್ ತಗೊಂಡು ಬರೆದಳು. 37 ಅಳಿಸಿ 38 ಮಾಡಿದಳು. ಹಾಳೆ ಹರಿಯಲಿಲ್ಲ.