ಕಾರ್ಪೆಟ್ ಕ್ಲೀನ್ ಮಾಡಿಸುವವರೇ, ಕ್ಯಾನಿನ ಲೇಬಲ್ ನೋಡದೆ ಕೆಲಸ ಶುರು ಮಾಡಿಸಬೇಡಿ

ಮಂಗಳೂರು, ಉಡುಪಿ ಕಡೆ ಹಬ್ಬಕ್ಕೆ ಮನೆ ಕ್ಲೀನ್ ಮಾಡಿಸಲು ಜನ ಕರೆಸುವವರು ದಯವಿಟ್ಟು ಇದನ್ನು ಓದಿ. "ಎಲ್ಲ ಕಾರ್ಪೆಟಿಗೂ ಇದೊಂದೇ ಸಾಕು" ಎಂದು ಯಾರಾದರೂ ಕ್ಯಾನ್ ಹಿಡಿದುಕೊಂಡು ಬಂದರೆ ಅವರಿಗೆ ಕಾರ್ಪೆಟ್ ಮುಟ್ಟಲು ಬಿಡಬೇಡಿ.

ನಮ್ಮ ಮನೆ ಬಿಜೈಯಲ್ಲಿ. ಚೌತಿಗೆ ನೆಂಟರು ಬರುವವರಿದ್ದರು, ಹಾಗಾಗಿ ಒಂದು ಕ್ಲೀನಿಂಗ್ ಸರ್ವಿಸಿನವರಿಗೆ ಹೇಳಿದೆವು. ಹಾಲ್‌ನ ಕಾರ್ಪೆಟ್ ಉಣ್ಣೆಯದ್ದು, ಜಗಲಿಯದ್ದು ಸೆಣಬಿನದ್ದು, ಮಕ್ಕಳ ರೂಮಿನದ್ದು ಪ್ಲಾಸ್ಟಿಕ್ ನೂಲಿನದ್ದು ಎಂದು ಫೋನಿನಲ್ಲೇ ಬಿಡಿಸಿ ಹೇಳಿದ್ದೆ. ಬಂದ ಹುಡುಗರು ಮೂರಕ್ಕೂ ಒಂದೇ ಕ್ಯಾನಿನದ್ದು ಹೊಡೆದರು. ಅತ್ತೆ ಕೇಳಿದ್ದಕ್ಕೆ "ಎಂತ ಆಗುದಿಲ್ಲ ಅಮ್ಮಾ, ಎಲ್ಲ ಕಡೆ ಇದನ್ನೇ ಹಾಕುದು" ಅಂದರಂತೆ.

ನಾನು ಆಫೀಸಿನಿಂದ ಬಂದಾಗ ಗೇಟಿನ ಹತ್ತಿರವೇ ಬ್ಲೀಚಿಂಗ್ ಪೌಡರಿನ ವಾಸನೆ. ಕ್ಯಾನಿನ ಲೇಬಲ್ ಅರ್ಧ ಹರಿದಿತ್ತು. ಉಳಿದ ಅರ್ಧದಲ್ಲಿ ಸೋಡಿಯಂ ಹೈಪೋಕ್ಲೋರೈಟ್ ಎಂದು ಇತ್ತು, ಅಂದರೆ ಬಿಳಿ ಬಟ್ಟೆಗೆ ಹಾಕುವ ಬ್ಲೀಚ್!

ಭಾವ ಕಾಶ್ಮೀರದಿಂದ ಆಸೆಪಟ್ಟು ತಂದುಕೊಟ್ಟ ಉಣ್ಣೆ ಕಾರ್ಪೆಟ್ ಅದು. ಬಿಳಿ ಅಂಚು ಅರಿಶಿನ ನೀರು ಚೆಲ್ಲಿದ ಹಾಗೆ ಹಳದಿಯಾಗಿತ್ತು, ಕೆಂಪು ಹೂವುಗಳ ಬಣ್ಣ ಅಲ್ಲಲ್ಲಿ ಹೋಗಿತ್ತು. ಒಣಗಿದ ಮೇಲೆ ಮುಟ್ಟಿದರೆ ಒರಟು ಒರಟು, ಎರಡು ಬೆರಳಲ್ಲಿ ಹಿಡಿದು ಉಜ್ಜಿದರೆ ನೂಲು ತುಂಡಾಗಿ ಕೈಗೆ ಬರುತ್ತದೆ. ಉಣ್ಣೆ ಅಂದರೆ ನಮ್ಮ ತಲೆಕೂದಲಿನ ಹಾಗೆ ಪ್ರೋಟೀನ್. ಕ್ಲೋರಿನ್ ಬ್ಲೀಚ್ ಅದನ್ನು ತಿಂದು ಹಾಕುತ್ತದೆ. ಸಾರು, ಹಾಲಿನ ಕಲೆ ತೆಗೆಯುತ್ತದೆ ಎಂದು ಪ್ರೋಟೀನ್ ಒಡೆಯುವ ಎನ್ಜೈಮ್ ಹಾಕಿ ಮಾರುವ ಬಟ್ಟೆ ಪೌಡರ್ ಕೂಡ ಉಣ್ಣೆಗೆ ಬೇಡ, ಸೋಡಾವೂ ಬೇಡ. ಸ್ವೆಟರ್ ಒಗೆಯಲು ಸಿಗುವ ಮೆದು ಲಿಕ್ವಿಡನ್ನು ತಣ್ಣೀರಲ್ಲಿ ಸ್ವಲ್ಪವೇ ಕಲಸಿ, ಬಟ್ಟೆಯಲ್ಲಿ ಒತ್ತಿ ಒತ್ತಿ ತೆಗೆಯಬೇಕು, ತಿಕ್ಕಬಾರದು.

ಸೆಣಬಿನದ್ದಕ್ಕೆ ಬ್ಲೀಚಿಗಿಂತ ನೀರೇ ಜಾಸ್ತಿ ಹಾಳು ಮಾಡಿತು. ಅದನ್ನು ತೊಯ್ಯುವಷ್ಟು ನೆನೆಸಿದ್ದರು. ಸೆಣಬು ನೆನೆದು ನಿಧಾನಕ್ಕೆ ಒಣಗಿದರೆ ಒಳಗಿನ ಕಂದು ಬಣ್ಣ ಮೇಲೆ ಬರುತ್ತದೆ, ಅದು ಕೊಳೆ ಅಲ್ಲ, ಎಷ್ಟು ತೊಳೆದರೂ ಹೋಗುವುದಿಲ್ಲ. ನಮ್ಮ ಊರಿನ ಮಳೆಗಾಲದಲ್ಲಿ ಚಡ್ಡಿ ಬನಿಯನ್ನೇ ಒಣಗುವುದಿಲ್ಲ, ಇನ್ನು ಕಾರ್ಪೆಟ್ ಒಣಗುತ್ತದಾ? ಈಗ ಕೆಳಗಡೆ ಬೂಷ್ಟು ಬೇರೆ. ಸೆಣಬಿಗೆ ವ್ಯಾಕ್ಯೂಮ್ ಹೊಡೆಯಿರಿ, ಕಲೆಯಾದರೆ ಕೂಡಲೇ ಒಣಬಟ್ಟೆಯಲ್ಲಿ ಹೀರಿಸಿ, ಅಷ್ಟೇ.

ಮಕ್ಕಳ ರೂಮಿನದ್ದಕ್ಕೆ ಏನೂ ಆಗಲಿಲ್ಲ. ಅದು ಪಾಲಿಪ್ರೊಪಿಲೀನ್, ಸಾಮಾನ್ಯವಾಗಿ ನೂಲು ಮಾಡುವಾಗಲೇ ಬಣ್ಣ ಒಳಗೆ ಸೇರಿಸಿರುತ್ತಾರೆ, ಹಾಗಾಗಿ ಬಣ್ಣ ಬೇಗ ಹೋಗುವುದಿಲ್ಲ. ಅದನ್ನೇ ತೋರಿಸಿ "ನಮ್ಮ ಲಿಕ್ವಿಡಿನ ತಪ್ಪಲ್ಲ, ನಿಮ್ಮ ಕಾರ್ಪೆಟ್ಟೇ ಸರಿ ಇಲ್ಲ" ಎಂದು ಈಗ ಅವರ ವಾದ. ನನಗೆ ಮಂಡೆ ಬಿಸಿಯಾದದ್ದು ಇಲ್ಲಿ. ಪ್ಲಾಸ್ಟಿಕ್ ತಡೆದುಕೊಂಡದ್ದನ್ನು ಉಣ್ಣೆಯೂ ತಡೆದುಕೊಳ್ಳಬೇಕಾ? ನೈಲಾನ್ ಕೂಡ ನೋಡಲು ಹೆಚ್ಚುಕಡಿಮೆ ಹೀಗೇ ಇರುತ್ತದೆ, ಆದರೆ ಬ್ಲೀಚ್ ಬಿದ್ದರೆ ಅದರ ಬಣ್ಣ ಹೋಗುತ್ತದೆ. ರೇಷ್ಮೆಯ ಹಾಗೆ ಹೊಳೆಯುವ ಅಗ್ಗದ ಕಾರ್ಪೆಟ್ ಇದ್ದರೆ ಅದು ವಿಸ್ಕೋಸ್ (ಮರದ ತಿರುಳಿನಿಂದ ಮಾಡುವ ನೂಲು) ಇರಬಹುದು, ಒದ್ದೆಯಾದರೆ ನೂಲು ದುರ್ಬಲವಾಗುತ್ತದೆ, ಹಳದಿಯೂ ಆಗುತ್ತದೆ. ಅದನ್ನು ಮನೆಯಲ್ಲಿ ತೊಳೆಯಲೇಬೇಡಿ.

ಯಾವುದರದ್ದು ಎಂದು ಗೊತ್ತಿಲ್ಲದಿದ್ದರೆ ಮೊದಲು ಹಿಂಬದಿಯ ಚೀಟಿ ನೋಡಿ. ಚೀಟಿ ಇಲ್ಲವಾ, ಅಂಚಿನಿಂದ ಒಂದೇ ಎಳೆ ಕಿತ್ತು ಸಿಂಕಿನ ಮೇಲೆ ಇಕ್ಕಳದಲ್ಲಿ ಹಿಡಿದು ಸುಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ ಅಥವಾ ರೇಷ್ಮೆ. ಕರಗಿ ಗಟ್ಟಿ ಮಣಿಯಾದರೆ ಪ್ಲಾಸ್ಟಿಕ್ ನೂಲು. ಕಾಗದ ಸುಟ್ಟ ವಾಸನೆಯಾದರೆ ಹತ್ತಿ, ಸೆಣಬು ಅಥವಾ ವಿಸ್ಕೋಸ್. ಯಾವ ಲಿಕ್ವಿಡ್ ಆದರೂ ಸೋಫಾದ ಅಡಿಗೆ ಹೋಗುವ ಮೂಲೆಯಲ್ಲಿ ಮೊದಲು ಸ್ವಲ್ಪ ಹಾಕಿ ಬಿಳಿ ಬಟ್ಟೆ ಒತ್ತಿ ನೋಡಿ, ಬಣ್ಣ ಬಟ್ಟೆಗೆ ಬಂತೆಂದರೆ ಬಿಟ್ಟುಬಿಡಿ. ಒಣಗಿದ ಮೇಲೆ ಇನ್ನೊಮ್ಮೆ ನೋಡಿ.

ಇನ್ನೊಂದು. ಆ ಹುಡುಗರು ಬ್ಲೀಚ್ ಇದ್ದ ಅದೇ ಬಕೆಟಿಗೆ ಟಾಯ್ಲೆಟ್ ಆ್ಯಸಿಡ್ ಸುರಿಯಲು ಹೊರಟಿದ್ದರಂತೆ, ಅತ್ತೆ ಬೊಬ್ಬೆ ಹಾಕಿ ನಿಲ್ಲಿಸಿದರು. ಅವೆರಡು ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ, ಬಾಗಿಲು ಹಾಕಿದ ಬಾತ್‌ರೂಮಿನಲ್ಲಿ ಜೀವಕ್ಕೇ ಅಪಾಯ.

ಸರ್ವಿಸಿನವರು ದುಡ್ಡು ವಾಪಸ್ ಕೊಡಲಿಲ್ಲ, ಮುಂದಿನ ಸಲ ಫ್ರೀಯಾಗಿ ಕ್ಲೀನ್ ಮಾಡಿಕೊಡುತ್ತೇವೆ ಅಂದರು, ನಾವು ಬೇಡ ಅಂದೆವು. ಕ್ಯಾನಿನ ಫೋಟೋ, ಬಿಲ್ಲು, ಫೋನಿನಲ್ಲಿ ಮಾತಾಡಿದ ಮೇಲೆ ನಾನು ಕಳಿಸಿದ್ದ ಮೆಸೇಜ್ ಎಲ್ಲ ಇಟ್ಟುಕೊಂಡಿದ್ದೇನೆ, ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇವೆ. ಕೈಯಲ್ಲಿ ಗಂಟು ಹಾಕಿ ಉಣ್ಣೆ ಕಾರ್ಪೆಟ್ ರಿಪೇರಿ ಮಾಡುವವರು ಈ ಕಡೆ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ, ಅಂಚಿನ ಭಾಗವಾದರೂ ಸರಿ ಮಾಡಿಸಬೇಕು ಎಂದಿದ್ದೇವೆ.