ಮಡಗಾಂವ್‌ನ ಜೆರ್ಸಿ ಅಂಗಡಿಯಲ್ಲಿ ಮುಂದಿನ ಸಾಲು ಯಾರದು?

ಮಡಗಾಂವ್ ಪೇಟೆಯ ಗಲ್ಲಿಯೊಂದರಲ್ಲಿ ಹಾವೇರಿ ಕಡೆಯವರೊಬ್ಬರು ನಡೆಸುತ್ತಿರುವ ಈ ಫುಟ್‌ಬಾಲ್ ಜೆರ್ಸಿ ಅಂಗಡಿ ನಾಲ್ಕು ಜನ ಒಟ್ಟಿಗೆ ನಿಂತರೆ ತುಂಬಿಹೋಗುತ್ತದೆ. ಮಾಲು ಬಹುಮಟ್ಟಿಗೆ ‘ಫಸ್ಟ್ ಕಾಪಿ’. ಅದನ್ನು ಅಸಲಿಯೆಂದು ಹೇಳಿ ಮಾರುವುದಿಲ್ಲ. ಆ ಮಟ್ಟಿಗೆ ವ್ಯವಹಾರ ನೇರ. ಜಾಗ ಕಡಿಮೆಯಾದ್ದರಿಂದ ಗಿರಾಕಿಗಳು ಕೇಳುವ ಕ್ಲಬ್ಬಿಗಷ್ಟೇ ಮುಂದಿನ ಸಾಲಿನಲ್ಲಿ ಹ್ಯಾಂಗರ್ ದಕ್ಕುತ್ತದೆ. ಯಾವ ಕ್ಲಬ್ ದೊಡ್ಡದೆಂಬ ಚರ್ಚೆಗೆ ಟ್ರೋಫಿಗಳ ಪಟ್ಟಿಗಿಂತ ಈ ಸಾಲೇ ಹೆಚ್ಚು ಉಪಯುಕ್ತವೆಂಬುದು ನನ್ನ ಅಭಿಪ್ರಾಯ.

ಮ್ಯಾಂಚೆಸ್ಟರ್ ಸಿಟಿ 2022-23ರ ಒಂದೇ ಋತುವಿನಲ್ಲಿ ಪ್ರೀಮಿಯರ್ ಲೀಗ್, ಎಫ್‌ಎ ಕಪ್ ಮತ್ತು ಚಾಂಪಿಯನ್ಸ್ ಲೀಗ್ ಮೂರನ್ನೂ ಗೆದ್ದಿತು. ಅದೇ ಊರಿನ ಮ್ಯಾಂಚೆಸ್ಟರ್ ಯುನೈಟೆಡ್ 2013ರ ನಂತರ ದಶಕಕ್ಕೂ ಮೀರಿ ಲೀಗ್ ಪ್ರಶಸ್ತಿಯ ಮುಖ ಕಾಣಲಿಲ್ಲ. ಆದರೂ ಇಲ್ಲಿ ಯುನೈಟೆಡ್‌ನ ಕೆಂಪು ಅಂಗಿ ಮುಂದೆ, ಸಿಟಿಯ ತಿಳಿನೀಲಿ ಹಿಂದೆ. ನಮ್ಮ ಮನೆಗಳಿಗೆ ಕೇಬಲ್ ಟಿವಿ ಬಂದ ವರ್ಷಗಳಲ್ಲಿ ಗೆಲ್ಲುತ್ತಿದ್ದದ್ದು ಯುನೈಟೆಡ್. ಅಂದು ನೋಡಿ ಮರುಳಾದ ಹುಡುಗರು ಇಂದು ಮಕ್ಕಳ ಕೈಹಿಡಿದು ಅಂಗಡಿಗೆ ಬರುತ್ತಾರೆ. ಎಷ್ಟು ಗೆದ್ದರು ಎಂಬುದರಷ್ಟೇ ಯಾರು ನೋಡುತ್ತಿದ್ದಾಗ ಗೆದ್ದರು ಎಂಬುದೂ ಮುಖ್ಯ. ಅಮೆರಿಕದ ಕ್ಲಬ್ ಇಂಟರ್ ಮಯಾಮಿಯ ಗುಲಾಬಿ ಅಂಗಿಯದು ಬೇರೆ ಕಥೆ: 2023ರಲ್ಲಿ ಮೆಸ್ಸಿ ಅಲ್ಲಿಗೆ ಹೋಗದಿದ್ದರೆ ಅದು ಮಡಗಾಂವ್ ತಲುಪುತ್ತಲೇ ಇರಲಿಲ್ಲ.

ಗೋವಾದ ಲೆಕ್ಕ ಇನ್ನೂ ವಿಚಿತ್ರ. ಇಲ್ಲಿನ ಹಳೆಯ ಕ್ಲಬ್ ಡೆಂಪೊ ಐದು ಬಾರಿ ರಾಷ್ಟ್ರೀಯ ಚಾಂಪಿಯನ್. 2014ರಲ್ಲಿ ಹುಟ್ಟಿದ ಎಫ್‌ಸಿ ಗೋವಾ 2015ರಲ್ಲೂ 2019ರಲ್ಲೂ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ ಸೋತಿತು. ಆದರೆ ಬಾಗಿಲಲ್ಲೇ ತೂಗುವುದು ಅದರ ಕಿತ್ತಳೆ ಅಂಗಿ. ಡೆಂಪೊ ಕೇಳಿದಾಗ ಮಾಲೀಕರು, “ಅದನ್ನ ಕೇಳಾವ್ರ ಇಲ್ರೀ ಸರ, ತರಿಸಿ ಏನ್ ಮಾಡ್ಲಿ?” ಎಂದರು. ಡೆಂಪೊದಂತೆ ಉದ್ಯಮಿ ಮನೆತನದ ಹೆಸರು ಹೊತ್ತ ತಂಡವನ್ನು ಮೆಚ್ಚಬಹುದು. ರಾಜ್ಯದ ಹೆಸರಿನ ತಂಡವನ್ನು ತನ್ನದೆನ್ನುವುದು ಸುಲಭ. ಮುಂಬೈಯ ಮಹೀಂದ್ರಾ ಯುನೈಟೆಡ್ 2005-06ರಲ್ಲಿ ರಾಷ್ಟ್ರೀಯ ಲೀಗ್ ಗೆದ್ದೂ 2010ರಲ್ಲಿ ಬಾಗಿಲು ಹಾಕಿತು. ಅತ್ತ ಕೋಲ್ಕತ್ತದಲ್ಲಿ 1889ರ ಮೋಹನ್ ಬಾಗಾನ್ ಹೆಸರಿಗೆ 2020ರಲ್ಲಿ ಹೊಸ ಮಾಲೀಕರು ತಮ್ಮ ಹಳೆಯ ತಂಡದ ಹೆಸರಾದ ‘ಎಟಿಕೆ’ ಅಂಟಿಸಿದಾಗ ಅಭಿಮಾನಿಗಳು ಬಿಡದೆ ಪ್ರತಿಭಟಿಸಿದರು. 2023ರಲ್ಲಿ ಆ ಮೂರಕ್ಷರ ಹೋಯಿತು. ಮಾಲೀಕನೂ ಮಣಿಯಬೇಕಾಗುವ ಕ್ಲಬ್ಬನ್ನು ನಾನು ದೊಡ್ಡದೆನ್ನುತ್ತೇನೆ.

ಇನ್ನು ಅಂಗಿಗಳ ಗುಣಮಟ್ಟ. ಬಟ್ಟೆ ಹಗುರ, ಗೋವಾದ ಬೆವರಿಗೆ ಸರಿಹೊಂದುತ್ತದೆ. ಕಸೂತಿಯ ಲಾಂಛನ ಗಟ್ಟಿ. ಬಿಸಿ ಒತ್ತಿ ಅಂಟಿಸುವ ಹೆಸರು ಮತ್ತು ಸಂಖ್ಯೆಯೇ ದೌರ್ಬಲ್ಯ: ನನ್ನ ಮಗನ ಬೆನ್ನಿನ ‘10’ರಲ್ಲಿ ಸೊನ್ನೆಯ ಅಂಚು ಕೆಲವೇ ಒಗೆತಗಳಲ್ಲಿ ಎದ್ದಿತು. ಒಳಮೈ ಹೊರಗೆ ಮಾಡಿ ತಣ್ಣೀರಿನಲ್ಲಿ ಒಗೆಯುವುದು ಒಳ್ಳೆಯದು, ಇಸ್ತ್ರಿ ಬೇಡ. ಮಕ್ಕಳ ಅಳತೆ ಬಿಗಿಯಾದ್ದರಿಂದ ಒಂದು ಸೈಜ್ ದೊಡ್ಡದನ್ನೇ ಕೊಳ್ಳಬೇಕು. ಹೆಸರು ಹಾಕಿಸಿದ ಮೇಲೆ ವಾಪಸ್ ಪಡೆಯುವುದಿಲ್ಲ.

ಬೆಂಗಳೂರು ಎಫ್‌ಸಿಯ ನೀಲಿ ಅಂಗಿ ಹೊರಗೆ ಕಾಣುವುದಿಲ್ಲ. ಗೋವಾ ಸೋತ ಆ 2019ರ ಫೈನಲ್‌ನ 117ನೇ ನಿಮಿಷದಲ್ಲಿ ಬೆಂಗಳೂರಿನ ರಾಹುಲ್ ಭೇಕೆ ಹೊಡೆದ ಗೋಲನ್ನು ಇಲ್ಲಿನವರು ಮರೆತಿಲ್ಲವೆಂದು ಮಾಲೀಕರು ನಗುತ್ತಾರೆ. ಕನ್ನಡದಲ್ಲಿ ಕೇಳಿದರೆ ಒಳಗಿನ ಪೆಟ್ಟಿಗೆ ತೆರೆಯುತ್ತಾರೆ, ಆದರೆ ಇಲ್ಲಿನ ಫಾತೋರ್ಡಾ ಕ್ರೀಡಾಂಗಣದಲ್ಲಿ ಬೆಂಗಳೂರಿನ ಪಂದ್ಯವಿರುವ ವಾರ ಅದೂ ಖಾಲಿಯಾಗಿರುತ್ತದೆ. ಬೇಕಾದವರು ಮೊದಲೇ ಹೇಳಿಟ್ಟಿರಬೇಕು.