ಒಂದೇ ಡ್ರಾಯಿಂಗ್, ಮೂರು ಬಾಗಿಲು: ಪುಣೆಯಲ್ಲಿ ಪಾರ್ಟ್ ಮಾಡಿಸುವ ಲೆಕ್ಕ

ಪಾರ್ಟ್ ದೊಡ್ಡದೇನಲ್ಲ. 6204 ಅನ್ನುವ ಸೈಜಿನ ಬೇರಿಂಗ್ ಕೂರುವ ಅಲ್ಯುಮಿನಿಯಂ ಹೌಸಿಂಗ್ (ಕವಚ). ನಡುವೆ 47 ಮಿ.ಮೀ. ಬೋರ್ (ಬೇರಿಂಗ್ ಕೂರುವ ತೂತು), ಸುತ್ತ ನಾಲ್ಕು ಎಂ5 ಟ್ಯಾಪಿಂಗ್ (5 ಮಿ.ಮೀ. ಬೋಲ್ಟಿಗೆ ಮರೆ ಹಾಕಿದ ತೂತು), ಮೇಲೆ ಹಾರ್ಡ್ ಆನೋಡೈಸಿಂಗ್, ಅಂದರೆ ಅಲ್ಯುಮಿನಿಯಂ ಮೇಲ್ಮೈಗೆ ಗಟ್ಟಿ ಕೋಟಿಂಗ್. ನಾವು ಪುಣೆಯಲ್ಲಿ ಸಣ್ಣ ಪ್ಯಾಕಿಂಗ್ ಮೆಷಿನ್ ಮಾಡುವವರು, ಇಂಥ ಪಾರ್ಟ್ ಪ್ರತಿ ಮೆಷಿನ್ನಿಗೂ ಬೇಕು. ಇದೇ ಡ್ರಾಯಿಂಗನ್ನು ಮೂರು ಕಡೆ ಕೊಟ್ಟು ನೋಡಿದೆ. ಒಂದು, ಫೈಲ್ ಹಾಕಿದರೆ ರೇಟ್ ತೋರಿಸುವ ಆನ್‌ಲೈನ್ ಸೇವೆ. ಇನ್ನೊಂದು, 'ಎಲ್ಲ ನನ್ಮೇಲೆ ಬಿಡಿ' ಅನ್ನುವ ಒಬ್ಬ ಟ್ರೇಡರ್. ಮೂರನೆಯದು ಭೋಸರಿ ಎಂಐಡಿಸಿಯಲ್ಲಿ (ಪುಣೆ ಪಕ್ಕದ ಕೈಗಾರಿಕಾ ಪ್ರದೇಶ) ಒಂದು ವಿಎಂಸಿ, ಒಂದು ಸಿಎನ್‌ಸಿ ಲೇಥ್, ಅಂದರೆ ಕಂಪ್ಯೂಟರ್ ಪ್ರೋಗ್ರಾಂ ಮೇಲೆ ಲೋಹ ಕತ್ತರಿಸುವ ಎರಡು ಮೆಷಿನ್ ಇಟ್ಟುಕೊಂಡಿರುವ ವರ್ಕ್‌ಶಾಪ್.

ನೇರವಾಗಿ ವರ್ಕ್‌ಶಾಪಿಗೆ ಹೋದರೆ ಅಗ್ಗ ಅಂತ ಎಲ್ಲರೂ ಹೇಳ್ತಾರೆ. ಅರ್ಧ ನಿಜ. ಒಂದೆರಡು ಪೀಸ್ ಬೇಕಾದರೆ ಅವರಿಗೆ ಆ ಕೆಲಸವೇ ಬೇಡ. ಪ್ರೋಗ್ರಾಂ ಬರೆಯಬೇಕು, ಪೀಸ್ ಹಿಡಿಯುವ ವೈಸ್ ಕಟ್ಟಬೇಕು, ಟೂಲ್ ಆಫ್‌ಸೆಟ್ (ಪ್ರತಿ ಟೂಲಿನ ಅಳತೆ) ತೆಗೆಯಬೇಕು, ಮೊದಲ ಪೀಸ್ ತೆಗೆದು ಅಳೆಯಬೇಕು, ಅಷ್ಟು ಹೊತ್ತೂ ಮೆಷಿನ್ ಸುಮ್ನೆ ನಿಂತಿರುತ್ತದೆ. ಈ ಸೆಟ್ಟಿಂಗ್‌ಗೆ 2000 ರೂಪಾಯಿ ಅಂತಿಟ್ಟುಕೊಳ್ಳಿ. ಒಂದೇ ಪೀಸ್ ಮಾಡಿಸಿದರೆ ಎಲ್ಲ ಅದರ ತಲೆ ಮೇಲೆ, 50 ಮಾಡಿಸಿದರೆ ಪೀಸಿಗೆ 40 ರೂಪಾಯಿ. ಹಾಗಾಗಿ ಸ್ಯಾಂಪಲ್‌ಗೆ ನಾನು ಆನ್‌ಲೈನ್‌ನವರನ್ನೇ ಹಿಡಿಯೋದು. ದುಡ್ಡು ಜಾಸ್ತಿ, ಪೂರ್ತಿ ಅಡ್ವಾನ್ಸ್ ಬೇರೆ. ಆದರೆ 'ಒಂದೇನಾ ಸರ್?' ಅನ್ನುವ ಮುಖ ನೋಡಬೇಕಿಲ್ಲ, ಮೆಷಿನ್ ಯಾವಾಗ ಖಾಲಿ ಆಗುತ್ತೆ ಅಂತ ಫೋನ್ ಮಾಡುತ್ತ ಕೂರಬೇಕಿಲ್ಲ. ಪಾಕೆಟ್‌ನ (ಕೊರೆದ ಗುಳಿಯ) ಒಳಮೂಲೆ ಚೂಪಾಗಿದ್ದರೆ ಅವರ ಸಾಫ್ಟ್‌ವೇರ್ ಅಲ್ಲೇ ಕೆಂಪು ಗುರುತು ಹಾಕುತ್ತದೆ. ತಿರುಗುವ ಕಟರ್ ಚೂಪು ಮೂಲೆ ಕೊಡಲಾರದು, ಹೊಸ ಡಿಸೈನರ್‌ಗೆ ಇದು ಒಳ್ಳೆ ಪಾಠ.

ಮೂವರ ಬಣ್ಣ ಬಯಲಾಗಿದ್ದು ಆ 47ರ ಬೋರ್‌ನಲ್ಲಿ. ಡ್ರಾಯಿಂಗ್‌ನಲ್ಲಿ ಎಚ್7 ಅಂತಿದೆ, ಅಳತೆ ಎಷ್ಟು ಹೆಚ್ಚಾಗಬಹುದು ಅಂತ ಹೇಳುವ ಗುರುತು ಅದು, ಇಲ್ಲಿ 47.000ದಿಂದ 47.025 ಮಿ.ಮೀ. ಒಳಗೆ. ಈ ಅಳತೆ ಕೋಟಿಂಗ್ ಆದಮೇಲೆ ಸಿಗಬೇಕು ಅಂತ ನೋಟ್ ಕೂಡ ಇದೆ. ಹಾರ್ಡ್ ಆನೋಡೈಸಿಂಗ್‌ನ ಪದರದಲ್ಲಿ ಸುಮಾರು ಅರ್ಧ ಲೋಹದ ಒಳಗೆ ಹೋಗುತ್ತದೆ, ಅರ್ಧ ಹೊರಗೆ ಬೆಳೆಯುತ್ತದೆ. 20 ಮೈಕ್ರಾನ್ (0.020 ಮಿ.ಮೀ.) ಪದರ ಹಾಕಿಸಿದರೆ ಬೋರ್‌ನ ಎರಡೂ ಬದಿ ಸೇರಿ ವ್ಯಾಸ 20 ಮೈಕ್ರಾನ್ ಇಳಿಯುತ್ತದೆ. ಇದ್ದ ಜಾಗವೇ 25, ಅದರಲ್ಲಿ 20 ಹೋದರೆ ಉಳಿದದ್ದೇನು?

ಆನ್‌ಲೈನ್‌ನವರು ಮಾತಿಲ್ಲದೆ ಬೋರನ್ನು ಮೊದಲೇ ದೊಡ್ಡದು ಮಾಡಿ, ಕೋಟಿಂಗ್ ಆದಮೇಲೆ ಅಳತೆಗೆ ಸರಿಯಾಗಿ ತಂದು, ಇನ್‌ಸ್ಪೆಕ್ಷನ್ ರಿಪೋರ್ಟ್ ಜೊತೆ ಕಳಿಸಿದರು. ಟ್ರೇಡರ್ ಡ್ರಾಯಿಂಗನ್ನು ಯಾರಿಗೋ ದಾಟಿಸಿದ್ದ, ನೋಟ್ ಯಾರೂ ಓದಿದಂತಿಲ್ಲ. ಬೇರಿಂಗ್ ಬಾಯಲ್ಲೇ ನಿಂತುಬಿಟ್ಟಿತು. ಬೈಯಬೇಕು ಅನ್ನಿಸಿದರೂ ಒಂದು ಮಾತು ಹೇಳಲೇಬೇಕು: ಆತ ಎದುರು ಮಾತಾಡದೆ ಎಲ್ಲ ಪೀಸ್ ವಾಪಸ್ ಒಯ್ದು, ತನ್ನ ಖರ್ಚಲ್ಲೇ ಬೇರೆ ಮಾಡಿಸಿ ತಂದ. ಟ್ರೇಡರ್ ಮಾರ್ಜಿನ್ ಅಂದರೆ ಇದೇ. ಪುಕ್ಕಟೆ ತಿನ್ನೋದಲ್ಲ ಅದು.

ಭೋಸರಿ ವರ್ಕ್‌ಶಾಪಿನ ಮಾಲೀಕ ವಿಜಯಪುರ ಕಡೆಯವರು. ಡ್ರಾಯಿಂಗ್ ಬಿಡಿಸಿ ಬೋರ್ ಮೇಲೆ ಬೆರಳಿಟ್ಟು ಕೇಳಿದರು: 'ಬೋರಿಗ್ಯಾಕ ಕೋಟಿಂಗ್ ಸರ್ರ? ರಬ್ಬರ್ ಬುಚ್ ಹೊಡದು ಕೋಟಿಂಗಿಗೆ ಕಳಸ್ತೀನಿ, ಒಳಗ ಬರೇ ಅಲ್ಯುಮಿನಿಯಂ ಇರ್ಲಿ.' ಸರಿಯಾದ ಮಾತೇ. ಹೊರಗಿನ ರಿಂಗ್ ಅಲ್ಲಿ ತಿರುಗೋದಿಲ್ಲ, ಬೇರಿಂಗ್ ಒಮ್ಮೆ ಕೂತರೆ ಆ ಗೋಡೆಗೆ ಕೋಟಿಂಗ್‌ನಿಂದ ಲಾಭವಿಲ್ಲ. ಡ್ರಾಯಿಂಗ್ ತಿದ್ದಿದೆವು, ರೇಟೂ ಇಳಿಯಿತು. ನನಗೆ ನೇರ ವ್ಯವಹಾರದ ದೊಡ್ಡ ಲಾಭ ಇದು, ರೇಟಿಗಿಂತ ಜಾಸ್ತಿ. ಲೋಹ ಕತ್ತರಿಸುವವನ ಜೊತೆಗೇ ಮಾತಾಡಬಹುದು.

ಆದರೆ ಅಲ್ಲಿ ಅಳೆಯೋದು ನಿಮ್ಮ ತಲೆನೋವು. ಸಣ್ಣ ವರ್ಕ್‌ಶಾಪಿನಲ್ಲಿ ಎಷ್ಟೋ ಸಲ ಕೈಗೆ ಸಿಗೋದು 0.02 ಮಿ.ಮೀ.ವರೆಗೆ ಮಾತ್ರ ತೋರಿಸುವ ವರ್ನಿಯರ್. 25 ಮೈಕ್ರಾನ್ ಟಾಲರೆನ್ಸನ್ನು (ಅಳತೆಯಲ್ಲಿ ಬಿಟ್ಟ ಜಾಗವನ್ನು) ಅದರಲ್ಲಿ ನೋಡೋದು ಆಗದ ಮಾತು. ನಾನು 47 ಎಚ್7ಗೆ ಗೋ-ನೋಗೋ ಪ್ಲಗ್ ಗೇಜ್ (ಒಂದು ತುದಿ ತೂತಿಗೆ ಹೋಗಬೇಕು, ಇನ್ನೊಂದು ಹೋಗಬಾರದು) ಕೊಂಡು ಅವರ ಮೆಷಿನ್ ಪಕ್ಕದಲ್ಲೇ ಇಡಿಸಿದ್ದೇನೆ. ಇನ್ನೊಂದು, ಮೆಷಿನ್ನಿಂದ ಆಗಷ್ಟೇ ತೆಗೆದ ಬಿಸಿ ಪೀಸಿಗೆ ಗೇಜ್ ಹಾಕಿ ಓಕೆ ಅನ್ನಬೇಡಿ. ಅಲ್ಯುಮಿನಿಯಂನಲ್ಲಿ ಇಷ್ಟು ದೊಡ್ಡ ಬೋರ್ 10 ಡಿಗ್ರಿಗೆ ಸುಮಾರು 11 ಮೈಕ್ರಾನ್ ಹಿಗ್ಗುತ್ತದೆ. ಬಿಸಿಯಲ್ಲಿ ಪಾಸಾದದ್ದು ತಣ್ಣಗಾದಮೇಲೆ ಫೇಲ್ ಆಗಬಹುದು.

ಮಟೀರಿಯಲ್‌ದೂ ಅದೇ ಕಥೆ. ಆನ್‌ಲೈನ್‌ನವರು ಕೇಳಿದರೆ ಟೆಸ್ಟ್ ಸರ್ಟಿಫಿಕೇಟ್ ಕೊಡ್ತಾರೆ. ಟ್ರೇಡರ್ '6082ನೇ ಸರ್' ಅಂತ ಅಲ್ಯುಮಿನಿಯಂ ಗ್ರೇಡನ್ನು ಬಾಯಲ್ಲಿ ಹೇಳ್ತಾನೆ. ನೇರ ಕೆಲಸಕ್ಕೆ ನಾನೇ ಮಟೀರಿಯಲ್ ಕೊಂಡು, ಜಾಬ್ ವರ್ಕ್ ಚಲನ್ (ಮಾಲು ನಮ್ಮದು, ಕೆಲಸಕ್ಕಷ್ಟೇ ಹೋಗಿದೆ ಅನ್ನುವ ಚೀಟಿ) ಮೇಲೆ ಕಳಿಸ್ತೀನಿ. ಪುಣೆಯಲ್ಲಿ ಬೇಕಾದ ಸೈಜ್ ಸಿಗದಿದ್ದರೆ ಮುಂಬೈಯ ಸಿ.ಪಿ. ಟ್ಯಾಂಕ್, ಕುಂಭಾರವಾಡ ಕಡೆಯ ವ್ಯಾಪಾರಿಗಳು ಇದ್ದೇ ಇದ್ದಾರೆ.

ದುಡ್ಡಿನ ವಿಷಯದಲ್ಲಿ ಒಂದು ಎಚ್ಚರಿಕೆ. ಟ್ರೇಡರ್ ಉದ್ದರಿ ಕೊಡ್ತಾನೆ ಅನ್ನೋದು ಅವನ ದೊಡ್ಡ ಆಕರ್ಷಣೆ. ವರ್ಕ್‌ಶಾಪಿನವರು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಇರುವ ಸಣ್ಣ ತಯಾರಕರಾದರೆ, ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ ಕೊಡಬೇಕು, ಇಲ್ಲದಿದ್ದರೆ 15. ತಡ ಮಾಡಿ ಮಾರ್ಚ್ ದಾಟಿಸಿದರೆ ಆ ಖರ್ಚು ಆ ವರ್ಷದ ಆದಾಯ ತೆರಿಗೆ ಲೆಕ್ಕಕ್ಕೆ ಸಿಗೋದಿಲ್ಲ. 2024-25ರ ಅಸೆಸ್‌ಮೆಂಟ್ ವರ್ಷದಿಂದ ಬಂದ ನಿಯಮ. ಹಾಂ, ಭೋಸರಿಯಲ್ಲಿ ವಾರದ ರಜೆ ಗುರುವಾರ. ಭಾನುವಾರ ಹೋಗಿ ಪೀಸ್ ತರಬಹುದು, ನಮ್ಮಂಥವರಿಗೆ ಅದು ಅನುಕೂಲವೇ.

ಈಗ ಇದೇ ಹೌಸಿಂಗನ್ನು ಬೀಡುಕಬ್ಬಿಣದ ಕಾಸ್ಟಿಂಗ್‌ನಲ್ಲಿ ಮಾಡಿಸುವ ಯೋಚನೆ ಇದೆ, ಅದಕ್ಕೆ ಬೆಳಗಾವಿಯ ಉದ್ಯಮಬಾಗ್ ಕಡೆ ವಿಚಾರಿಸುತ್ತಿದ್ದೇನೆ. ಅಲ್ಲಿ ಫೌಂಡ್ರಿ, ಮಷಿನಿಂಗ್ ಎರಡೂ ಅಕ್ಕಪಕ್ಕದಲ್ಲೇ ಸಿಗುತ್ತವೆ. ನೀವೂ ಆ ದಾರಿ ಹಿಡಿದರೆ, ಪ್ಯಾಟರ್ನ್ (ಅಚ್ಚು ತೆಗೆಯುವ ಮಾದರಿ) ಖರ್ಚು ನಿಮ್ಮದು ಅಂದಮೇಲೆ ಪ್ಯಾಟರ್ನೂ ನಿಮ್ಮದೇ ಅಂತ ಪಿಒದಲ್ಲಿ (ಪರ್ಚೇಸ್ ಆರ್ಡರ್) ಬರೆಸಿಬಿಡಿ. ನಾಳೆ ಬೇರೆ ಫೌಂಡ್ರಿಗೆ ಹೋಗುವಾಗ ಅದನ್ನು ಬಿಡಿಸಿಕೊಳ್ಳೋದು ಅಷ್ಟು ಸುಲಭ ಅಲ್ಲ.